ಬಿಳಿ ಉಂಗುರದೊಳಗಿನ ಬಳಗ

ಒಡವೆ ಅಂಗಡಿಯಲ್ಲಿ ಎರಡು ನಿಶ್ಚಿತಾರ್ಥದ ಉಂಗುರಗಳನ್ನು ಅಕ್ಕಪಕ್ಕ ಇಡಿಸಿ ನೋಡಿ. ಒಂದು ಪ್ಲಾಟಿನಂ, ಇನ್ನೊಂದು ವೈಟ್ ಗೋಲ್ಡ್. ಎರಡೂ ಹಾಲಿನಷ್ಟು ಬೆಳ್ಳಗೆ, ಎರಡರ ನೆತ್ತಿಯಲ್ಲೂ ವಜ್ರ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಈಗ ಅಂಗೈಗೆ ಹಾಕಿಸಿಕೊಳ್ಳಿ. ಅಬ್ಬಾ, ಆ ಭಾರ! ವೈಟ್ ಗೋಲ್ಡಿನಲ್ಲಿ 3 ಗ್ರಾಂ ತೂಗುವ ಉಂಗುರ ಅದೇ ಅಳತೆಗೆ ಪ್ಲಾಟಿನಂನಲ್ಲಿ 4 ಗ್ರಾಂ ಆಸುಪಾಸು ಬರುತ್ತದೆ. ಕಣ್ಣಿಗೆ ಸಿಗದ ಗುಟ್ಟು ಕೈಗೆ ಸಿಕ್ಕಿತು!

ಎರಡರಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಕೇಳುತ್ತಾ ಹೊರಟರೆ ಒಂದಕ್ಕಿಂತ ಒಂದು ಬೆರಗಿನ ಸಂಗತಿ ಎದುರಾಗುತ್ತದೆ. ಮೊದಲನೆಯದು ಇದು: ಅಂಗಡಿಯ ದೀಪದ ಕೆಳಗೆ ವೈಟ್ ಗೋಲ್ಡಿನಲ್ಲಿ ನಮ್ಮನ್ನು ಮರುಳು ಮಾಡುವ ಆ ಬಿಳುಪು ಚಿನ್ನದ್ದೇ ಅಲ್ಲ! 18 ಕ್ಯಾರೆಟ್ಟಿನ ವೈಟ್ ಗೋಲ್ಡಿನಲ್ಲಿ ನೂರಕ್ಕೆ 75 ಪಾಲು ಅಪ್ಪಟ ಹಳದಿ ಚಿನ್ನ. ಆ ಹಳದಿಯನ್ನು ಅಡಗಿಸಲೆಂದೇ ಪಲ್ಲಾಡಿಯಂ ಇಲ್ಲವೇ ನಿಕ್ಕಲ್ ಬೆರೆಸುತ್ತಾರೆ. ಆದರೂ ಚಿನ್ನ ಪೂರ್ತಿ ಸೋಲುವುದಿಲ್ಲ. ತುಸು ಬೂದು, ತುಸು ಹಳದಿ ಉಳಿದೇ ಉಳಿಯುತ್ತದೆ. ಕೊನೆಗೆ ಬರುವುದು ರೋಡಿಯಂ ಪಾಲಿಶ್. ಎಣ್ಣೆಪಸೆ ಒಂದಿಷ್ಟೂ ಇಲ್ಲದಂತೆ ತೊಳೆದ ಉಂಗುರವನ್ನು ತಂತಿಗೆ ತೂಗಿಸಿ, ರೋಡಿಯಂ ಕರಗಿರುವ ದ್ರಾವಣದಲ್ಲಿ ಮುಳುಗಿಸಿ, ಸಣ್ಣಗೆ ವಿದ್ಯುತ್ ಹರಿಸುತ್ತಾರೆ. ನೋಡನೋಡುತ್ತಿದ್ದಂತೆ ಮಂಕಾಗಿದ್ದ ಉಂಗುರ ಕನ್ನಡಿಯಂತೆ ಹೊಳೆಯತೊಡಗುತ್ತದೆ! ಕೂತ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗೂ ಕಡಿಮೆ. ನಾವು ಮೆಚ್ಚಿ ಕೊಳ್ಳುವುದು ಈ ಪದರದ ಬಣ್ಣವನ್ನು.

ಹಾಗಾದರೆ ಚಿನ್ನವನ್ನು ಬೆಳ್ಳಗಾಗಿಸುವ ಈ ಪಲ್ಲಾಡಿಯಂ, ಈ ರೋಡಿಯಂ ಯಾರು? ಎರಡೂ ಪ್ಲಾಟಿನಂನ ಒಡಹುಟ್ಟುಗಳು! ಒಂದೇ ಅದಿರಿನಲ್ಲಿ ಕೂಡಿ ಬಾಳುವ ಲೋಹಗಳು. ಅವು ಬೆಳಕಿಗೆ ಬಂದ ಕತೆಯಂತೂ ಪತ್ತೇದಾರಿ ಕಾದಂಬರಿಯನ್ನೇ ಮೀರಿಸುತ್ತದೆ. 1800ರ ಲಂಡನ್ನಿನಲ್ಲಿ ವಿಲಿಯಂ ಹೈಡ್ ವೊಲಾಸ್ಟನ್ ಎಂಬ ರಸಾಯನ ವಿಜ್ಞಾನಿ, ದಕ್ಷಿಣ ಅಮೆರಿಕದಿಂದ ಬಂದ ಪ್ಲಾಟಿನಂ ಅದಿರನ್ನು ಗೆಳೆಯ ಸ್ಮಿತ್ಸನ್ ಟೆನಂಟ್ ಜೊತೆ ರಾಶಿಗಟ್ಟಲೆ ಕೊಂಡ. ಆಮ್ಲದಲ್ಲಿ ಕರಗಿಸಿ ಪ್ಲಾಟಿನಂ ತೆಗೆದ ಮೇಲೆ ಉಳಿದ ದ್ರಾವಣವನ್ನು ಚೆಲ್ಲದೆ ಕೆದಕಿದ. ಅದರಲ್ಲಿ ಹೊಸ ಲೋಹ ಸಿಕ್ಕಿತು, ಪಲ್ಲಾಡಿಯಂ! ಆದರೆ ಅದನ್ನು ಯಾವ ಸಭೆಯಲ್ಲೂ ಸಾರಲಿಲ್ಲ. 1803ರಲ್ಲಿ ಹೆಸರಿಲ್ಲದ ಕರಪತ್ರವೊಂದನ್ನು ಹಂಚಿ, ಸೋಹೋ ಬಡಾವಣೆಯ ಅಂಗಡಿಯೊಂದರಲ್ಲಿ ಲೋಹವನ್ನು ಮಾರಾಟಕ್ಕೇ ಇಟ್ಟುಬಿಟ್ಟ! ರಿಚರ್ಡ್ ಚೆನೆವಿಕ್ಸ್ ಎಂಬ ಇನ್ನೊಬ್ಬ ವಿಜ್ಞಾನಿ, ಇದು ಪ್ಲಾಟಿನಂಗೆ ಪಾದರಸ ಬೆರೆಸಿದ ಮೋಸ ಎಂದು ವಾದಿಸಿದ. ಹಾಗೆ ಮಾಡಿ ತೋರಿಸಿದವರಿಗೆ 20 ಪೌಂಡ್ ಬಹುಮಾನ ಎಂದು ವೊಲಾಸ್ಟನ್ ಮರೆಯಲ್ಲಿದ್ದುಕೊಂಡೇ ಸವಾಲು ಹಾಕಿದ. ಗೆದ್ದವರಿಲ್ಲ. 1804ರಲ್ಲಿ ಅದೇ ಅದಿರಿನಿಂದ ರೋಡಿಯಂ ತೆಗೆದ. 1805ರಲ್ಲಿ, ಪಲ್ಲಾಡಿಯಂ ಕಂಡವನು ನಾನೇ ಎಂದು ಹೊರಬಂದ.

ಎಂದರೆ ಒಂದರ ಎದುರು ಒಂದು ಎಂದು ನಾವು ತೂಗುತ್ತಿರುವ ಈ ಎರಡು ಉಂಗುರಗಳು ಎದುರಾಳಿಗಳೇ ಅಲ್ಲ. ಪ್ಲಾಟಿನಂ ಮನೆತನದ ನೆರವಿಲ್ಲದೆ ಚಿನ್ನಕ್ಕೆ ಈ ಬಿಳುಪಿಲ್ಲ!

ಪ್ಲಾಟಿನಂಗೂ ಚಿನ್ನದ ಋಣವಿದೆ. ಇಂದಿನ ಈಕ್ವೆಡಾರ್ ಮತ್ತು ಕೊಲಂಬಿಯಾ ಕರಾವಳಿಯ ಲಾ ತೊಲಿತಾ ಜನ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಪ್ಲಾಟಿನಂ ಒಡವೆ ಮಾಡುತ್ತಿದ್ದರು! ಪ್ಲಾಟಿನಂ ಕರಗುವುದು 1,768 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇದ್ದಿಲ ಒಲೆಯಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು? ಚಿನ್ನಕ್ಕಾದರೆ 1,064 ಸಾಕು. ಆ ಅಕ್ಕಸಾಲಿಗರು ಪ್ಲಾಟಿನಂ ಕಾಳುಗಳಿಗೆ ಚಿನ್ನದ ಪುಡಿ ಬೆರೆಸಿ ಕಾಯಿಸಿದರು. ಚಿನ್ನ ಕರಗಿ ಕಾಳುಗಳನ್ನು ಅಂಟಿಸಿತು. ಮತ್ತೆ ಕಾಯಿಸಿ, ಮತ್ತೆ ಬಡಿದು, ಬಿಳಿಚಿದ ಒಂದೇ ಲೋಹವಾಗಿಸಿದರು. ಈ ಜಾಣ್ಮೆಯನ್ನು 1937ರಲ್ಲಿ ಬಿಡಿಸಿ ಹೇಳಿದವನು ಡೆನ್ಮಾರ್ಕಿನ ಪೌಲ್ ಬರ್ಗ್ಸೋ. ನನಗಂತೂ ಇಡೀ ಲೋಹಶಾಸ್ತ್ರದಲ್ಲಿ ಇದಕ್ಕಿಂತ ರೋಮಾಂಚನದ ಕತೆ ಗೊತ್ತಿಲ್ಲ.

ಧಾತುಗಳ ಕೋಷ್ಟಕ ತೆರೆದರೆ ಅಲ್ಲೂ ಇವರಿಬ್ಬರು ನೆರೆಮನೆಯವರು. ಪ್ಲಾಟಿನಂ 78, ಚಿನ್ನ 79. ನಡುವೆ ಒಂದೇ ಒಂದು ಪ್ರೋಟಾನಿನ ಅಂತರ!

ಇನ್ನು ಕೊಳ್ಳುವ ಮಾತು. ವೈಟ್ ಗೋಲ್ಡ್ ಬಹುಮಟ್ಟಿಗೆ ಪ್ಲಾಟಿನಂಗಿಂತ ಗಟ್ಟಿ, ಅಷ್ಟು ಬೇಗ ಗೀರಾಗುವುದಿಲ್ಲ. ಆದರೆ ಮೇಲಿನ ರೋಡಿಯಂ ಸವೆಯುತ್ತದೆ. ದಿನಾ ಧರಿಸುವವರು ಒಂದೆರಡು ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕಾದೀತು. ಪ್ಲಾಟಿನಂ ಬೇಗ ಗೀರಾಗುತ್ತದೆ, ನಿಜ. ಆ ಗೀರನ್ನು ಭೂತಗನ್ನಡಿಯಲ್ಲಿ ನೋಡಬೇಕು! ಲೋಹ ಉದುರಿಹೋಗಿರುವುದಿಲ್ಲ, ನೇಗಿಲ ಸಾಲಿನ ಪಕ್ಕದ ಮಣ್ಣಿನಂತೆ ಅಂಚಿಗೆ ಸರಿದು ಕೂತಿರುತ್ತದೆ. ವರ್ಷಗಳು ಕಳೆದಂತೆ ಮೈಯೆಲ್ಲ ಮೃದುವಾದ ಮಂದ ಹೊಳಪು ತಾಳುತ್ತದೆ, ಬಿಳುಪು ಮಾತ್ರ ಮಾಸುವುದಿಲ್ಲ. ಆ ಮಂದ ಹೊಳಪೇ ನನಗೆ ಹೆಚ್ಚು ಪ್ರಿಯ. ಸದಾ ಥಳಥಳ ಬೇಕೆನ್ನುವವರಿಗೆ ವೈಟ್ ಗೋಲ್ಡೇ ಸರಿ.

ಬೆಲೆಯಲ್ಲೂ ಅಚ್ಚರಿ. ಒಂದು ಕಾಲಕ್ಕೆ ಚಿನ್ನಕ್ಕಿಂತ ತುಟ್ಟಿಯಾಗಿದ್ದ ಪ್ಲಾಟಿನಂ 2015ರಿಂದೀಚೆಗೆ ಗ್ರಾಂ ಲೆಕ್ಕದಲ್ಲಿ ಚಿನ್ನಕ್ಕಿಂತ ಅಗ್ಗವಾಗಿದೆ! ಆದರೆ ತೂಕ ಹೆಚ್ಚು, ಶುದ್ಧತೆ ನೂರಕ್ಕೆ 95, ಕೆಲಸವೂ ಕಷ್ಟ. ಹಾಗಾಗಿ ಮೇಕಿಂಗ್ ಚಾರ್ಜ್ ಕೇಳದೆ ಲೆಕ್ಕ ಹಾಕಬೇಡಿ. ಒಳಬದಿಯ ಮುದ್ರೆ ನೋಡಿ: ಪ್ಲಾಟಿನಂ ಆದರೆ 950, 18 ಕ್ಯಾರೆಟ್ ಚಿನ್ನವಾದರೆ 750. ವೈಟ್ ಗೋಲ್ಡಿನಲ್ಲಿ ನಿಕ್ಕಲ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ, ತುರಿಕೆ ಏಳುತ್ತದೆ. ಪಲ್ಲಾಡಿಯಂ ಬೆರೆತದ್ದಾದರೆ ಆ ಚಿಂತೆ ತೀರಾ ಕಡಿಮೆ.

ಈ ಬಳಗದ ಸುಳಿವು ನಮ್ಮ ನೆಲದಲ್ಲೂ ಇದೆ! ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಧಾತುಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ಒಂದನ್ನೇ ಆರಿಸಲು ಮನಸ್ಸು ಒಪ್ಪದವರಿಗೆ ಇನ್ನೊಂದು ದಾರಿಯುಂಟು. ಬೆರಳನ್ನು ಸುತ್ತುವ ಪಟ್ಟಿ ವೈಟ್ ಗೋಲ್ಡಿನದು, ವಜ್ರವನ್ನು ಕಚ್ಚಿ ಹಿಡಿಯುವ ಪುಟ್ಟ ಹಲ್ಲುಗಳು ಮಾತ್ರ ಪ್ಲಾಟಿನಂನವು. ಸುಲಭಕ್ಕೆ ಸವೆಯದ ಲೋಹ ಅತಿ ಬೇಕಾಗಿರುವುದು ಅಲ್ಲೇ. ಇಂಥ ಉಂಗುರವನ್ನೂ ಮಾಡಿಕೊಡುತ್ತಾರೆ, ಕೇಳಿ ನೋಡಿ.