ಹುಲ್ಲು ಕತ್ತರಿಸುವ ಯಂತ್ರಕ್ಕೂ ಒಂದು ಮಿತಿ ಬೇಕು

ಬೆಂಗಳೂರಿನ ಮಲ್ಲೇಶ್ವರಂನ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳು ಮರಗಳ ಹೆಸರು ಹೊತ್ತಿವೆ. ಮರವಿದ್ದಲ್ಲಿ ಕೊಂಬೆ ಸವರಬೇಕು, ಪಾರ್ಕಿದ್ದಲ್ಲಿ ಹುಲ್ಲು ಕತ್ತರಿಸಬೇಕು. ಹಿಂದೆ ಮಚ್ಚು, ಕುಡುಗೋಲುಗಳಿಂದ ಆಗುತ್ತಿದ್ದ ಈ ಕೆಲಸಕ್ಕೆ ಈಗ ಹೆಗಲಿಗೆ ನೇತುಹಾಕಿಕೊಳ್ಳುವ ಪೆಟ್ರೋಲ್ ಬ್ರಷ್ ಕಟರ್, ಕೈಯಲ್ಲಿ ಹಿಡಿಯುವ ಯಂತ್ರಗರಗಸ ಬಂದಿವೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಈ ಎಂಜಿನ್‌ಗಳ ಗಾತ್ರಕ್ಕೂ ಅವು ಎಬ್ಬಿಸುವ ಹೊಗೆ, ಸದ್ದಿಗೂ ತಾಳಮೇಳವಿಲ್ಲ.

ಇಂಥ ಯಂತ್ರಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್. ಹಗುರ, ಅಗ್ಗ, ಯಾವ ಕಡೆ ಓರೆ ಮಾಡಿದರೂ ಓಡುತ್ತವೆ. ಕೀಲುಗಳಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿರುವುದರಿಂದ ಅದೂ ಉರಿದು ನೀಲಿ ಹೊಗೆಯಾಗುತ್ತದೆ. ಇನ್ನೊಂದು ದೋಷ ವಿನ್ಯಾಸದಲ್ಲೇ ಇದೆ. ಸುಟ್ಟ ಅನಿಲ ಹೊರಹೋಗುವ ದ್ವಾರ ತೆರೆದಿರುವಾಗಲೇ ಹೊಸ ಇಂಧನ ಒಳನುಗ್ಗುತ್ತದೆ. ಹಾಗಾಗಿ ಸಾಂಪ್ರದಾಯಿಕ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಇಂಧನದ ಕಾಲು ಭಾಗಕ್ಕೂ ಹೆಚ್ಚು ಉರಿಯದೆಯೇ ಹೊರಬೀಳಬಹುದು. ಕ್ಯಾನ್ಸರ್‌ಕಾರಕ ಬೆಂಜೀನ್, ಕಾರ್ಬನ್ ಮಾನಾಕ್ಸೈಡ್, ಸೂಕ್ಷ್ಮ ಕಣಗಳು ಮೊದಲು ಸೇರುವುದು ಯಂತ್ರ ಹಿಡಿದ ಕಾರ್ಮಿಕನ ಶ್ವಾಸಕೋಶಕ್ಕೆ.

ಹೊಗೆಯ ಲೆಕ್ಕವನ್ನು ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಕೊಟ್ಟಿದೆ. ತರಗೆಲೆ ಊದುವ ಪೆಟ್ರೋಲ್ ಯಂತ್ರವನ್ನು ಒಂದು ಗಂಟೆ ಓಡಿಸಿದರೆ, ಹೊಗೆಮಂಜು ಉಂಟುಮಾಡುವ ಮಾಲಿನ್ಯವು 2017ರ ಮಾದರಿಯ ಟೊಯೋಟಾ ಕ್ಯಾಮ್ರಿ ಕಾರು ಸುಮಾರು 1,770 ಕಿಲೋಮೀಟರ್ ಓಡಿದಷ್ಟಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಹೋಗಿ ಬರುವ ದಾರಿಗಿಂತ ಸ್ವಲ್ಪವೇ ಕಡಿಮೆ!

ಇನ್ನು ಸದ್ದು. ಡೆಸಿಬೆಲ್ ಅಳತೆಯಲ್ಲಿ 10 ಹೆಚ್ಚಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಇರುವ ಸದ್ದು 32 ಮೀಟರ್ ಆಚೆಗೂ 65 ಇರುತ್ತದೆ. ಮನೆಗಳು ಒತ್ತೊತ್ತಾಗಿರುವ ಕ್ರಾಸ್ ರಸ್ತೆಗಳಲ್ಲಿ ಗೋಡೆಗಳಿಗೆ ಬಡಿದು ಹಿಂತಿರುಗುವುದರಿಂದ ಅಷ್ಟೂ ಇಳಿಯದು. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರ ಕಿವಿಗೆ 85 ಡೆಸಿಬೆಲ್ ಮಿತಿಯೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್‌ಗೆ ಸುರಕ್ಷಿತ ಅವಧಿ ಅರ್ಧವಾಗುತ್ತ ಬಂದು, 94ರಲ್ಲಿ ಒಂದೇ ಗಂಟೆಗೆ ಇಳಿಯುತ್ತದೆ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗಿನ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿದರೆ ಅಲ್ಲಿ ಹಗಲು 50, ರಾತ್ರಿ 40. ಕೆ.ಸಿ. ಜನರಲ್ ಆಸ್ಪತ್ರೆಯೂ ಹಲವು ಶಾಲಾ ಕಾಲೇಜುಗಳೂ ಇರುವ ಮಲ್ಲೇಶ್ವರಂಗೆ ಇದು ಮುಖ್ಯ. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಸದ್ದಾದರೆ ಯಾರು ಬೇಕಾದರೂ ದೂರು ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು ಮೇಲಿನ ಲೆಕ್ಕದ 65 ಡೆಸಿಬೆಲ್ ಸರಿಯಾಗಿ ಆ ಗೆರೆಯ ಮೇಲಿದೆ. ಡೀಸೆಲ್ ಜನರೇಟರಿಗೂ ಮಿತಿಯುಂಟು: 1,000 ಕೆವಿಎವರೆಗಿನವು ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರುವಂತಿಲ್ಲ. ಹಾಗಾಗಿಯೇ ಅಂಗಡಿ ಮುಂದಿನ ದೊಡ್ಡ ಜನರೇಟರುಗಳು ಈಗ ಪೆಟ್ಟಿಗೆಯೊಳಗೆ ಸೇರಿವೆ.

ಹೊರಗಿನವರು ಇನ್ನೂ ಮುಂದೆ ಹೋಗಿದ್ದಾರೆ. ವಾಷಿಂಗ್ಟನ್ ಡಿ.ಸಿ. ನಗರ ಪೆಟ್ರೋಲ್‌ನಿಂದ ಓಡುವ ಎಲೆ ಊದುವ ಯಂತ್ರಗಳನ್ನು 2022ರ ಜನವರಿಯಿಂದ ನಿಷೇಧಿಸಿತು. ಕ್ಯಾಲಿಫೋರ್ನಿಯಾ 2021ರಲ್ಲಿ ಕಾಯ್ದೆ ಮಾಡಿ ಇಂಥ ಹೊಸ ಸಣ್ಣ ಎಂಜಿನ್‌ಗಳಿಗೆ 2024ರಿಂದ ಬಾಗಿಲು ಮುಚ್ಚಿತು. ಟೂ-ಸ್ಟ್ರೋಕ್ ಕೈಬಿಡುವ ಯತ್ನ ಬೆಂಗಳೂರಿಗೂ ಹೊಸತಲ್ಲ. ಟೂ-ಸ್ಟ್ರೋಕ್ ಆಟೊ ಗುಜರಿಗೆ ಹಾಕುವವರಿಗೆ ಸರ್ಕಾರ 30,000 ರೂಪಾಯಿ ಸಹಾಯಧನ ಪ್ರಕಟಿಸಿದ್ದನ್ನು ಈ ನಗರ ಕಂಡಿದೆ.

ಪೆಟ್ರೋಲ್ ಯಂತ್ರದ ಬದಲು ಬ್ಯಾಟರಿ ಯಂತ್ರ ತಂದರೂ ಸದ್ದು ಪೂರ್ತಿ ಅಡಗದು; ಅಲಗಿನ, ನೈಲಾನ್ ದಾರದ ಸದ್ದು ಉಳಿಯುತ್ತದೆ. ಎಂಜಿನ್‌ನ ಅಬ್ಬರ, ಸ್ಥಳದಲ್ಲಿನ ಹೊಗೆ ಮಾತ್ರ ಇಲ್ಲವಾಗುತ್ತವೆ. ಮಳೆಗಾಳಿಗೆ ಮರ ಉರುಳಿದಾಗ ಪೆಟ್ರೋಲ್ ಗರಗಸ ಬೇಕೇ ಬೇಕು, ಅದಕ್ಕೆ ವಿನಾಯಿತಿ ಇರಲಿ. ಪಾರ್ಕಿನ ದೈನಂದಿನ ಕೆಲಸಕ್ಕೆ ಬ್ಯಾಟರಿ ಯಂತ್ರವೇ ಆಗಬೇಕೆಂದು ಪಾಲಿಕೆ ಟೆಂಡರಿನಲ್ಲೇ ಷರತ್ತು ಹಾಕಲಿ. ಅಲ್ಲಿಯವರೆಗೆ ಯಂತ್ರ ಓಡಿಸುವ ಸಮಯ ಗೊತ್ತುಪಡಿಸಿ, ಕಾರ್ಮಿಕರಿಗೆ ಕಿವಿರಕ್ಷಕ ಕೊಡಲಿ. ನಿವಾಸಿಗಳ ಸಂಘಗಳು ಮುಂದಿನ ಸಭೆಯಲ್ಲಿ ಕೇಳಬೇಕಾದದ್ದು ಇಷ್ಟನ್ನೇ.