ಮಳೆ ಎಣಿಸುವ ಪೆಟ್ಟಿಗೆಯ ಲೆಕ್ಕ ಎಷ್ಟು ಸರಿ?

ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಅಜ್ಜನ ಕಾಲದಿಂದ ಬಂದ ಅಭ್ಯಾಸ. ಇಂದಿಗೂ ಅಲ್ಲಿನ ಮಾತಿನಲ್ಲಿ ಮಳೆ ಇಂಚು, ಸೆಂಟ್‌ಗಳಲ್ಲೇ ಬೀಳುತ್ತದೆ. ನೂರು ಸೆಂಟ್ ಅಂದರೆ ಒಂದು ಇಂಚು. ಬೆಳಗ್ಗೆ ಎದ್ದು ಅಳತೆಯ ಗಾಜಿಗೆ ನೀರು ಸುರಿದು ನೋಡುತ್ತಿದ್ದ ಆ ಕೆಲಸವನ್ನು ಈಗ ಎಷ್ಟೋ ತೋಟಗಳಲ್ಲಿ ಕಂಬಕ್ಕೆ ಕಟ್ಟಿದ ಡೇಟಾ ಲಾಗರ್ ಮಾಡುತ್ತಿದೆ. ಮಳೆಯ ಜೊತೆಗೆ ಗಾಳಿಯ ಬಿಸಿ, ಆರ್ದ್ರತೆ, ಮಣ್ಣಿನ ತೇವವನ್ನೂ ಬರೆದಿಡುತ್ತದೆ. ಯಾವಾಗ ಸ್ಪ್ರಿಂಕ್ಲರ್ ಹಾಕಬೇಕು, ಯಾವಾಗ ಬೋರ್ಡೋ ಸಿಂಪಡಿಸಬೇಕು ಎಂಬ ತೀರ್ಮಾನಗಳು ಈ ಅಂಕಿಗಳ ಮೇಲೆ ನಿಲ್ಲತೊಡಗಿವೆ. ಇಂಥ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ನನಗೆ ಮತ್ತೆ ಮತ್ತೆ ಎದುರಾಗುವ ಕೆಲವು ನಂಬಿಕೆಗಳನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ.

ತಪ್ಪು ಕಲ್ಪನೆ: ಕ್ಯಾಲಿಬ್ರೇಷನ್ ಕಾರ್ಖಾನೆಯಲ್ಲೇ ಆಗಿ ಬಂದಿದೆ, ನಿಲ್ಲಿಸಿದರೆ ಸಾಕು.

ಪ್ರಮಾಣಪತ್ರದಲ್ಲಿರುವುದು ಆ ದಿನ, ಆ ಮೇಜಿನ ಮೇಲೆ ಸೆನ್ಸರ್ ಹೇಗಿತ್ತು ಎಂಬುದಷ್ಟೇ. ಮಳೆಮಾಪಕವನ್ನೇ ನೋಡಿ. ಆಲಿಕೆಯ ಕೆಳಗೆ ತಕ್ಕಡಿಯಂತೆ ಅತ್ತಿತ್ತ ವಾಲುವ ಜೋಡಿ ಲೋಟಗಳಿರುತ್ತವೆ. ಒಂದು ತುಂಬಿದೊಡನೆ ಮಗುಚುತ್ತದೆ, ಇನ್ನೊಂದು ಧಾರೆಯ ಕೆಳಗೆ ಬರುತ್ತದೆ. ಪ್ರತಿ ಮಗುಚುವಿಕೆಯನ್ನೂ ಲಾಗರ್ 0.2 ಮಿ.ಮೀ. ಮಳೆ ಎಂದು ಎಣಿಸುತ್ತದೆ. ಕಂಬ ಒಂದಿಷ್ಟು ವಾಲಿದ್ದರೂ ಒಂದು ಲೋಟ ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ. ಹಾಗಾಗಿ ಮೊದಲು ರಸಮಟ್ಟ ಇಟ್ಟು ನೋಡಬೇಕು. ಆಮೇಲೆ ಆಲಿಕೆಯೊಳಗಿನ ಎಲೆ, ಜೇಡರ ಬಲೆ, ಇರುವೆಗೂಡು ತೆಗೆಯಬೇಕು. ಕ್ಯಾಲಿಬ್ರೇಷನ್ ಏನಿದ್ದರೂ ಇವೆರಡರ ನಂತರ.

ಲೆಕ್ಕ ಸರಳ. ಆಲಿಕೆಯ ಬಾಯಿ 200 ಮಿ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. 1 ಮಿ.ಮೀ. ಮಳೆ ಅಂದರೆ ಅದರೊಳಗೆ 31.4 ಮಿ.ಲೀ. ನೀರು, ಒಂದು ಮಗುಚುವಿಕೆಗೆ 6.28 ಮಿ.ಲೀ. ಅಂದರೆ 628 ಮಿ.ಲೀ. ನೀರು ಹಾಕಿದರೆ ನೂರು ಸಲ ಮಗುಚಬೇಕು. ಆದರೆ ಚೊಂಬಿನಿಂದ ಸುರಿದು ಪರೀಕ್ಷಿಸುವವರನ್ನು ಕಂಡಿದ್ದೇನೆ, ಅದರಿಂದ ಏನೂ ತಿಳಿಯದು. ಔಷಧಿ ಅಂಗಡಿಯಲ್ಲಿ ಸಿಗುವ ಡ್ರಿಪ್ ನಳಿಕೆ ಜೋಡಿಸಿ ಅಷ್ಟೂ ನೀರು ಒಂದು ಗಂಟೆಯಲ್ಲಿ ಇಳಿಯುವಂತೆ ಬಿಡಿ. ಎಣಿಕೆ 94 ಬಂದರೆ ಒಂದೊಂದು ಲೋಟ 6.68 ಮಿ.ಲೀ. ಹಿಡಿಯುತ್ತಿದೆ ಎಂದರ್ಥ. ಆಗ ತಳದ ಎರಡೂ ತಿರುಪುಗಳನ್ನು ಸಮನಾಗಿ ತಿರುಗಿಸಿ ಸರಿಪಡಿಸಬಹುದು, ಇಲ್ಲವೇ ಲಾಗರ್‌ನಲ್ಲಿ 0.2ರ ಬದಲು 0.213 ಎಂದು ನಮೂದಿಸಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಇನ್ನೊಂದು ದಿಕ್ಕಿಗೆ ತಿರುಗುತ್ತದೆ.

ಪರೀಕ್ಷೆಗೆ ಮುಂಚೆ ಸೆನ್ಸರಿನ ತಂತಿಯನ್ನು ಲಾಗರ್‌ನಿಂದ ಬಿಡಿಸಿ, ಮಗುಚುವುದನ್ನು ಕೈಯಲ್ಲಿ ಎಣಿಸಿ. ಹಾಗೆ ಮಾಡದಿದ್ದರೆ ಒಣ ಫೆಬ್ರವರಿಯ ದಾಖಲೆಯಲ್ಲಿ 20 ಮಿ.ಮೀ. ಮಳೆ ಕುಳಿತುಬಿಡುತ್ತದೆ. ಮರುವರ್ಷ ಅದನ್ನು ಓದುವವರು ಹೂಮಳೆ ಬಂದಿತ್ತೆಂದೇ ತಿಳಿಯುತ್ತಾರೆ.

ಇಷ್ಟೆಲ್ಲ ಸರಿಯಿದ್ದರೂ ಜಡಿಮಳೆಯಲ್ಲಿ ಈ ಮಾಪಕ ಕಡಿಮೆಯೇ ತೋರಿಸುತ್ತದೆ. ಗಂಟೆಗೆ 100 ಮಿ.ಮೀ. ರಭಸದ ಮಳೆಯಲ್ಲಿ ಏಳು ಸೆಕೆಂಡಿಗೊಮ್ಮೆ ಲೋಟ ಮಗುಚುತ್ತದೆ. ಮಗುಚುವ ಆ ಅರೆಗಳಿಗೆಯಲ್ಲೂ ಧಾರೆ ನಿಂತಿರುವುದಿಲ್ಲ. ತುಂಬಿದ ಲೋಟಕ್ಕೇ ಬಿದ್ದ ಆ ನೀರು ಎಣಿಕೆಗೆ ಸಿಗುವುದಿಲ್ಲ. ಮಲೆನಾಡಿನಲ್ಲಿ ಮಾಪಕ ಇಡುವವರು ನಿಧಾನದ ಒಂದು, ವೇಗದ ಒಂದು, ಹೀಗೆ ಎರಡು ಪರೀಕ್ಷೆಗಳನ್ನಾದರೂ ಮಾಡಬೇಕು. ಪಕ್ಕದಲ್ಲೇ ಅಜ್ಜನ ಹಳೆಯ ಮಳೆಮಾಪಕವನ್ನೂ ಉಳಿಸಿಕೊಂಡರೆ ಇನ್ನೂ ಒಳ್ಳೆಯದು.

ತಪ್ಪು ಕಲ್ಪನೆ: 24.37 ಡಿಗ್ರಿ ಎಂದು ತೋರಿಸಿದರೆ ಅಷ್ಟು ನಿಖರ.

ಚುಕ್ಕಿಯ ನಂತರದ ಅಂಕಿಗಳು ಸೂಕ್ಷ್ಮತೆಯವು, ನಿಖರತೆಯವಲ್ಲ. ಸೆನ್ಸರ್ ಅರ್ಧ ಡಿಗ್ರಿ ತಪ್ಪಿದ್ದರೂ ಎರಡು ದಶಾಂಶ ತೋರಿಸುತ್ತಲೇ ಇರುತ್ತದೆ.

ತಪ್ಪು ಕಲ್ಪನೆ: ನೆರಳಿನಲ್ಲಿ ಕಟ್ಟಿದರೆ ತಾಪಮಾನ ಸರಿ ಬರುತ್ತದೆ.

ಕಣದ ಪಕ್ಕದ ಗೋಡೆಯೂ ನೆರಳೇ. ಆದರೆ ಬಿಸಿಲಿಗೆ ಕಾದ ಸಿಮೆಂಟು ಕಣ, ತಗಡಿನ ಮಾಡು ತಮ್ಮ ಬಿಸಿಯನ್ನು ಸೆನ್ಸರಿಗೂ ಸೂಸುತ್ತವೆ. ಆಗ ಅಳೆಯುತ್ತಿರುವುದು ಗಾಳಿಯನ್ನಲ್ಲ, ಗೋಡೆಯನ್ನು. ಹವಾಮಾನ ಕೇಂದ್ರಗಳಲ್ಲಿ ಕಾಣುವ ಬಿಳಿಯ ಜಾಲಂಧ್ರದ ಪೆಟ್ಟಿಗೆಯನ್ನು ರೂಪಿಸಿದವರು ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನರ ತಂದೆ. ಬಿಸಿಲು ತಾಗಬಾರದು, ಗಾಳಿ ಮಾತ್ರ ಆಡಬೇಕು ಎಂಬುದೇ ಅದರ ಉಪಾಯ. ಈಗಿನ ಬಿಳಿ ತಟ್ಟೆಗಳ ಕವಚವೂ ಅದನ್ನೇ ಮಾಡುತ್ತದೆ. ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ. ಜಾಗ ತಪ್ಪಿದ್ದನ್ನು ಯಾವ ಕ್ಯಾಲಿಬ್ರೇಷನ್ನೂ ಸರಿಪಡಿಸಲಾರದು.

ತಪ್ಪು ಕಲ್ಪನೆ: ಐಸ್ ನೀರಿನಲ್ಲಿ 0, ಕುದಿಯುವ ನೀರಿನಲ್ಲಿ 100 ಬಂದರೆ ಸೆನ್ಸರ್ ಸರಿ.

ಮೊದಲರ್ಧ ಸರಿ, ಆದರೆ ಲೋಟದ ನೀರಿನಲ್ಲಿ ನಾಲ್ಕು ಐಸ್ ತುಂಡು ತೇಲಿಸಿದರೆ ಸಾಲದು. ಶುದ್ಧ ನೀರಿನ ಐಸನ್ನು ಪುಡಿ ಮಾಡಿ ಥರ್ಮಾಸ್ ತುಂಬಬೇಕು, ಸಂದುಗಳಲ್ಲಿ ಮಾತ್ರ ನೀರಿರಬೇಕು. ಎರಡನೆಯ ಅರ್ಧ ನಮ್ಮ ಘಟ್ಟದ ಮೇಲೆ ನಿಲ್ಲುವುದಿಲ್ಲ. ಎತ್ತರ 300 ಮೀಟರ್ ಏರಿದಂತೆ ನೀರು ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ; ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲಿ. ಅಲ್ಲಿ 100 ತೋರಿಸುವ ಸೆನ್ಸರೇ ಕೆಟ್ಟದ್ದು! ಆರ್ದ್ರತೆಯನ್ನೂ ಅಳೆಯುವ ಜೋಡಿ ಸೆನ್ಸರನ್ನಂತೂ ನೀರಿಗೆ ಮುಳುಗಿಸಲೇಬೇಡಿ.

ತಪ್ಪು ಕಲ್ಪನೆ: ಆರ್ದ್ರತೆಯ ಸೆನ್ಸರನ್ನು ಪ್ರಯೋಗಾಲಯಕ್ಕೆ ಕಳಿಸದೆ ಪರೀಕ್ಷಿಸಲಾಗದು.

ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ತಿಂಗಳುಗಟ್ಟಲೆ ಮಳೆಗಾಲದ ತೇವದಲ್ಲಿ ನಿಂತ ಸೆನ್ಸರುಗಳು ನಿಧಾನವಾಗಿ ದಾರಿ ತಪ್ಪುವುದರಿಂದ ಇದನ್ನು ಕಲಿತಿರಲೇಬೇಕು. ಬಾಟಲಿಯ ಮುಚ್ಚಳದಲ್ಲಿ ಶುದ್ಧ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಹನಿ ನೀರು ಬೆರೆಸಿ. ಪೂರ್ತಿ ಕರಗಬಾರದು. ಗಾಳಿಯಾಡದ ಡಬ್ಬಿಯೊಳಗೆ ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಇಟ್ಟು ರಾತ್ರಿಯಿಡೀ ಬಿಡಿ. 25 ಡಿಗ್ರಿಯಲ್ಲಿ ಒಳಗಿನ ಆರ್ದ್ರತೆ ಶೇ. 75.3ಕ್ಕೆ ಬಂದು ನಿಲ್ಲುತ್ತದೆ. ಕಲ್ಲುಪ್ಪು ಬೇಡ: ಮಳೆಗಾಲದಲ್ಲಿ ಅದು ನೀರೊಡೆಯಲು ಕಾರಣವಾದ ಮೆಗ್ನೀಸಿಯಂ ಕ್ಲೋರೈಡ್ ಇಲ್ಲಿಯೂ ಅಂಕಿಯನ್ನು ಕೆಳಗೆಳೆಯುತ್ತದೆ. ಡಬ್ಬಿಯನ್ನು ಒಲೆ, ಕಿಟಕಿಗಳಿಂದ ದೂರವಿಡಿ. ಉಪ್ಪಿಗೂ ಸೆನ್ಸರಿಗೂ ಒಂದು ಡಿಗ್ರಿ ವ್ಯತ್ಯಾಸವಾದರೆ ಆರ್ದ್ರತೆ ನಾಲ್ಕೈದು ಅಂಶ ಏರುಪೇರಾಗುತ್ತದೆ.

ತಪ್ಪು ಕಲ್ಪನೆ: ಮಣ್ಣಿನ ತೇವಾಂಶದ ಶೇಕಡಾವಾರು ಎಲ್ಲ ಮಣ್ಣಿಗೂ ಒಂದೇ.

ಈ ಸೆನ್ಸರ್ ನೀರನ್ನು ನೇರವಾಗಿ ಕಾಣುವುದಿಲ್ಲ, ಮಣ್ಣಿನ ವಿದ್ಯುತ್ ಗುಣವನ್ನು ಅಳೆದು ನೀರನ್ನು ಊಹಿಸುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೂ ಬಯಲುಸೀಮೆಯ ಎರೆಮಣ್ಣಿಗೂ ಒಂದೇ ಸೂತ್ರ ಹೊಂದದು. ಎರೆಮಣ್ಣು ಬಿರುಕು ಬಿಟ್ಟಾಗ ಸೆನ್ಸರಿನ ಸುತ್ತ ಗಾಳಿ ತುಂಬಿ ಅಂಕಿ ಒಮ್ಮೆಲೇ ಕುಸಿಯುತ್ತದೆ. 100 ಮಿ.ಲೀ. ಹಿಡಿಯುವ ಕೊಳವೆಯಲ್ಲಿ ಅಲ್ಲಿನದೇ ಮಣ್ಣು ತೆಗೆದು ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿ. 28 ಗ್ರಾಂ ಇಳಿದರೆ ತೇವಾಂಶ ಶೇ. 28. ಒಣ, ಹದ, ಒದ್ದೆ ಮೂರೂ ಸ್ಥಿತಿಗಳಲ್ಲಿ ಹೀಗೆ ಮಾಡಿದರೆ ನಿಮ್ಮ ಮಣ್ಣಿನದೇ ಸೂತ್ರ ಸಿಗುತ್ತದೆ.

ತಪ್ಪು ಕಲ್ಪನೆ: ತಾರೀಖು ಸರಿಯಿದ್ದರೆ ಸಾಕು, ಗಂಟೆ ಮುಖ್ಯವಲ್ಲ.

ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ. ಏಪ್ರಿಲ್ 12ರ ಸಂಜೆ ಬಿದ್ದ ಮಳೆ ಅವರ ಲೆಕ್ಕದಲ್ಲಿ 13ರದು. ಮಧ್ಯರಾತ್ರಿಗೆ ದಿನ ಬದಲಿಸುವ ನಿಮ್ಮ ಲಾಗರ್‌ನಲ್ಲಿ 12ರದೇ. ಗ್ರೀನಿಚ್ ಸಮಯಕ್ಕೆ ಹೊಂದಿಸಿ ಬಂದ ಲಾಗರ್ ಐದೂವರೆ ಗಂಟೆ ಹಿಂದಿರುತ್ತದೆ. ಹೋಲಿಸುವ ಮೊದಲು ಇದನ್ನು ನೋಡಿಕೊಳ್ಳಿ.

ತಪ್ಪು ಕಲ್ಪನೆ: ತಪ್ಪು ಗೊತ್ತಾದ ಮೇಲೆ ಹಳೆಯ ಅಂಕಿಗಳನ್ನೂ ತಿದ್ದಿಬಿಡಬೇಕು.

ಉಪ್ಪಿನ ಡಬ್ಬಿಯಲ್ಲಿ 71 ಬಂತೆಂದು ಕಳೆದ ಆರು ತಿಂಗಳ ಅಂಕಿಗಳಿಗೆಲ್ಲ 4 ಕೂಡಿಸಬಾರದು. ಸೆನ್ಸರ್ ಒಂದೇ ದಿನದಲ್ಲಿ ಕೆಟ್ಟಿರುವುದಿಲ್ಲ. ಮೂಲ ದಾಖಲೆ ಇದ್ದಂತೆಯೇ ಇರಲಿ, ತಿದ್ದಿದ್ದು ಬೇರೆ ಪ್ರತಿಯಲ್ಲಿರಲಿ. ಪರೀಕ್ಷಿಸಿದ ದಿನ, ತಿದ್ದುವ ಮೊದಲು ಕಂಡ ಅಂಕಿ, ನಂತರ ಕಂಡ ಅಂಕಿ, ಬದಲಿಸಿದ್ದೇನು ಎಂಬುದನ್ನು ಮಳೆ ಪುಸ್ತಕದಲ್ಲೇ, ಆ ದಿನದ ಸಾಲಿನ ಎದುರು ಬರೆದಿಡಿ.