‘ಫ್ಯಾನ್ ಚಾಲೂ’ ಅಂದರೆ ತಿಳಿಯುತ್ತದೆ, ‘ಫ್ಯಾನ್ ಹಚ್ಚು’ ಅಂದರೆ ಇಲ್ಲ

ಮಾತು ಕೇಳಿ ಕೆಲಸ ಮಾಡುವ ಸ್ಪೀಕರ್ ನಮ್ಮ ಮಹಾನಗರಗಳ ಫ್ಲ್ಯಾಟುಗಳಲ್ಲಿ ಈಗ ಹೊಸ ವಸ್ತುವೇನಲ್ಲ. ಅಮೆಜಾನಿನ ಎಕೋ 2017ರಲ್ಲಿ ಭಾರತಕ್ಕೆ ಬಂತು, ಗೂಗಲ್ ಹೋಮ್ 2018ರಲ್ಲಿ. ಹಾಡು ಹಾಕಿಸಲು, ಅಲಾರಂ ಇಡಲು, ಮಕ್ಕಳು ಜೋಕು ಕೇಳಲು ಇದನ್ನು ಬಳಸುವವರೇ ಹೆಚ್ಚು. ಆದರೆ ಕಣ್ಣು ಮಂಜಾದ, ಮೊಣಕಾಲು ಸೋತ ಹಿರಿಯರು ಹಗಲಿಡೀ ಒಬ್ಬರೇ ಇರುವ ಮನೆಯಲ್ಲಿ ಇದು ಆಟಿಕೆಯಲ್ಲ, ಊರುಗೋಲು. ಆ ಹಿರಿಯರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದಿದ್ದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ನಾವಿರುವುದು ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ, ಬಾಡಿಗೆ ಮನೆ. ನಮ್ಮವ್ವ ಗದಗ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಅವಳಿಗೆ ಗ್ಲಾಕೋಮಾ. ಈ ಕಾಯಿಲೆ ನೋಟದ ಅಂಚನ್ನು ಮೊದಲು ತಿನ್ನುತ್ತದೆ. ಎದುರಿಗಿರುವ ಮುಖ ಕಂಡರೂ ಕಾಲ ಬಳಿಯ ಚಪ್ಪಲಿ ಕಾಣುವುದಿಲ್ಲ, ಮಬ್ಬು ಬೆಳಕಿನಲ್ಲಂತೂ ಏನೂ ತಿಳಿಯುವುದಿಲ್ಲ. ರಿಮೋಟಿನ ಗುಂಡಿಗಳು ಅವಳಿಗೆ ಒಂದೇ ಕಪ್ಪು ಪಟ್ಟಿ. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಮಗಳು ಶಾಲೆಯಿಂದ ಬರುವವರೆಗೆ ಮನೆಯಲ್ಲಿ ಅವಳೊಬ್ಬಳೇ. ಸ್ವಿಚ್ ಹುಡುಕುತ್ತಾ ಗೋಡೆ ತಡವುವುದನ್ನು ನೋಡಿದ ಮೇಲೆಯೇ ಸ್ಪೀಕರ್ ತಂದದ್ದು.

ಅವ್ವ ಮೊದಲ ದಿನ ಅದರ ಮುಂದೆ ಕುಳಿತು ಹೇಳಿದ್ದು, ‘ಫ್ಯಾನ್ ಹಚ್ಚವ್ವಾ.’ ಅದು ಸುಮ್ಮನಿತ್ತು. ಹೆಸರು ಹಿಡಿದು ಕರೀಬೇಕು ಎಂದೆ. ‘ಹೆಸರು ಹಿಡದು ಒಣಾ ಒಣಾ ಕರದ್ರ ಯಾರ ಓ ಅಂತಾರ?’ ಎಂದಳು.

ಒಳಗೆ ನಡೆಯುವುದೇನು?

ಸ್ಪೀಕರಿನೊಳಗಿನ ಸಣ್ಣ ಪ್ರೋಗ್ರಾಂ ಸದಾ ಕಾಯುವುದು ಒಂದೇ ಪದಕ್ಕೆ: ‘ಅಲೆಕ್ಸಾ’ ಅಥವಾ ‘ಓಕೆ ಗೂಗಲ್’ ಎಂಬ ಎಚ್ಚರಿಸುವ ಪದಕ್ಕೆ. ಅದು ಕಿವಿಗೆ ಬಿದ್ದ ಮೇಲೆ ಆಡಿದ ಮಾತು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗುತ್ತದೆ. ಅಲ್ಲಿ ದನಿ ಅಕ್ಷರವಾಗುತ್ತದೆ, ಅಕ್ಷರದಿಂದ ಯಾವ ಸಾಧನ, ಯಾವ ಕೆಲಸ ಎಂಬುದು ಗೊತ್ತಾಗುತ್ತದೆ, ಬಲ್ಬು ಅಥವಾ ಪ್ಲಗ್ಗಿಗೆ ಆಜ್ಞೆ ಬರುತ್ತದೆ. ಇಷ್ಟೂ ಒಂದೆರಡು ಸೆಕೆಂಡಿನ ಕೆಲಸ. ದನಿ ಅಕ್ಷರವಾಗುವ ಹೆಜ್ಜೆಯಲ್ಲೇ ಭಾಷೆಯ ಪ್ರಶ್ನೆ ಏಳುತ್ತದೆ. ಸ್ಪೀಕರಿಗೆ ಯಾವ ಭಾಷೆ ಆರಿಸಿದ್ದೇವೋ ಆ ಭಾಷೆಯ ಪದಗಳಲ್ಲೇ ಅದು ನಮ್ಮ ದನಿಯನ್ನು ಹುಡುಕುತ್ತದೆ. ನಮ್ಮ ಸ್ಪೀಕರಿನ ಪಟ್ಟಿಯಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಕನ್ನಡ ಇಲ್ಲ. ಹಾಗಾಗಿ ಅವ್ವ ಮಲ್ಲಿಕಾರ್ಜುನ ಮನ್ಸೂರರ ವಚನ ಕೇಳಿದರೆ ಅದು ‘ಮನ್ಸೂರ’ವನ್ನು ಮಾನ್ಸೂನ್ ಮಾಡಿಕೊಂಡು ಮಳೆಯ ಹಿಂದಿ ಹಾಡು ಹಾಕಿತು.

ಎರಡೂ ಕಡೆ ಸಲ್ಲುವ ಪದಗಳು

ಅಲೆಕ್ಸಾಕ್ಕೆ 2019ರಲ್ಲಿ ಹಿಂದಿ ಬಂತು. ಉತ್ತರ ಕರ್ನಾಟಕದವರಿಗೆ ಇದರಿಂದ ಒಂದು ಅನುಕೂಲವಿದೆ. ನಮ್ಮ ಕಡೆ ‘ಹಚ್ಚು’, ‘ಆರಸು’ ಎನ್ನುವಂತೆಯೇ ‘ಚಾಲೂ ಮಾಡು’, ‘ಬಂದ್ ಮಾಡು’ ಎಂದೂ ಅನ್ನುತ್ತೇವೆ. ಚಾಲೂ, ಬಂದ್ ಎರಡೂ ಹಿಂದಿಯಲ್ಲೂ ಇವೆ. ಸ್ಪೀಕರನ್ನು ಹಿಂದಿಗೆ ತಿರುಗಿಸಿ, ಕೊನೆಯ ‘ಮಾಡು’ ಬಿಟ್ಟು ‘ಫ್ಯಾನ್ ಚಾಲೂ’, ‘ಲೈಟ್ ಬಂದ್’ ಎಂದರೆ ಸಾಕು. ಅವ್ವನಿಗೆ ಹೊಸ ಪದ ಕಲಿಯುವ ಕಷ್ಟವೇ ಬರಲಿಲ್ಲ. ಮೈಸೂರು, ಬೆಂಗಳೂರು ಕಡೆಯ ಹಿರಿಯರಿಗೆ ‘ಆನ್ ಮಾಡು’, ‘ಆಫ್ ಮಾಡು’ ರೂಢಿಯಾಗಿರುತ್ತದೆ. ಅಂಥ ಮನೆಯಲ್ಲಿ ಇಂಗ್ಲಿಷೇ ಇರಲಿ, ‘ಫ್ಯಾನ್ ಆನ್’ ಸಾಕು.

ಸಾಧನಗಳಿಗೆ ಇಡುವ ಹೆಸರೂ ಮುಖ್ಯ. ‘ಪಡಸಾಲೆ’, ‘ಬಚ್ಚಲು’ ಎಂದು ಇಟ್ಟರೆ ಯಂತ್ರ ತಡವರಿಸುತ್ತದೆ. ಹಾಗೆಂದು ‘ಲಿವಿಂಗ್ ರೂಮ್ ಸೀಲಿಂಗ್ ಲೈಟ್’ ಎಂಬ ಉದ್ದದ ಹೆಸರು ಅವ್ವನ ಬಾಯಲ್ಲಿ ತಿರುಗುವುದಿಲ್ಲ. ನಾವು ‘ದೀಪಾ’ ಎಂದು ಇಟ್ಟೆವು. ಹುಡುಗಿಯ ಹೆಸರಾದ್ದರಿಂದ ಯಂತ್ರಕ್ಕೂ ಅದು ಪರಿಚಿತ. ‘ದೀಪಾ ಚಾಲೂ’ ಎಂದರೆ ಹತ್ತಿಕೊಳ್ಳುತ್ತದೆ. ಆ್ಯಪ್‌ನಲ್ಲಿ ‘ರೂಟೀನ್’ ಎಂಬ ಸೌಲಭ್ಯವಿದೆ. ಒಂದು ಮಾತಿಗೆ ಮೂರ್ನಾಲ್ಕು ಕೆಲಸ ಜೋಡಿಸಬಹುದು. ಅವ್ವ ‘ಗುಡ್ ನೈಟ್’ ಎಂದರೆ ಟೀವಿ, ಹಾಲಿನ ಲೈಟು ಆರಿ, ಅವಳ ಕೋಣೆಯ ಫ್ಯಾನು ತಿರುಗುತ್ತದೆ.

ಹಾಡಿನ ಮಾತು ಬೇರೆ. ವಚನ, ದಾಸರ ಪದ, ಹಳೆಯ ಚಿತ್ರಗೀತೆಗಳ ಹೆಸರನ್ನು ಯಂತ್ರಕ್ಕೆ ತಿಳಿಸುವುದು ಕಷ್ಟ. ಹಾಡಿನ ಆ್ಯಪ್‌ನಲ್ಲಿ ನೀವೇ ಕುಳಿತು ಬೇಕಾದವುಗಳ ಪಟ್ಟಿ ಮಾಡಿ, ಅದಕ್ಕೆ ‘ಮಾರ್ನಿಂಗ್ ವನ್’ ಎನ್ನುವಂಥ ಸರಳ ಹೆಸರು ಕೊಡಿ. ನಮ್ಮಲ್ಲಿ ಮನ್ಸೂರರು ಈಗ ಈ ಹೆಸರಿನಲ್ಲೇ ಬರುತ್ತಾರೆ. ಆಕಾಶವಾಣಿ ಬೇಕಾದವರು ಫೋನಿನಲ್ಲಿ ‘ನ್ಯೂಸ್ ಆನ್ ಏರ್’ ಆ್ಯಪ್ ಹಾಕಿ, ಬ್ಲೂಟೂತ್ ಮೂಲಕ ಇದೇ ಸ್ಪೀಕರಿನಲ್ಲಿ ಕೇಳಬಹುದು.

ಕೊಳ್ಳುವ ಮುನ್ನ

ಬಾಡಿಗೆ ಮನೆಯಲ್ಲಿ ಗೋಡೆಯ ಸ್ವಿಚ್‌ಬೋರ್ಡ್ ಬಿಚ್ಚಲು ಮಾಲೀಕರ ಒಪ್ಪಿಗೆ ಬೇಕು. ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್ಗು, ಐಆರ್ ರಿಮೋಟ್ ಈ ಮೂರಕ್ಕೆ ಆ ತಂಟೆಯಿಲ್ಲ. ಮನೆ ಬದಲಿಸಿದರೆ ಜೊತೆಗೆ ಒಯ್ಯಬಹುದು.

ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಯಾರಾದರೂ ಅಭ್ಯಾಸಬಲದಿಂದ ಸ್ವಿಚ್ ಒತ್ತಿದರೆ ಮತ್ತೆ ಎಷ್ಟು ಕೂಗಿದರೂ ಬಲ್ಬು ಹತ್ತದು. ನಾವು ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದೇವೆ. ಪ್ಲಗ್ಗು ಕೊಳ್ಳುವಾಗ ಆಂಪಿಯರ್ ನೋಡಿ. ಟೇಬಲ್ ಫ್ಯಾನು, ದೀಪಕ್ಕೆ 6 ಆಂಪಿಯರ್ ಸಾಕು. 2000 ವಾಟಿನ ಗೀಸರಿಗೆ 16 ಆಂಪಿಯರಿನದೇ ಬೇಕು, 20 ನಿಮಿಷಕ್ಕೆ ತಾನೇ ಆರುವಂತೆ ಟೈಮರನ್ನೂ ಇಡಿ. ಇಸ್ತ್ರಿಪೆಟ್ಟಿಗೆ, ರೂಮ್ ಹೀಟರುಗಳನ್ನು ಮಾತಿನ ಅಧೀನಕ್ಕೆ ಕೊಡಬೇಡಿ. ಯಾರೂ ಎದುರಿಗಿಲ್ಲದಾಗ ಅವು ಹೊತ್ತಿಕೊಳ್ಳುವುದು ಅಪಾಯ.

ಹಳೆಯ ಟೀವಿ, ಸೆಟ್‌ಟಾಪ್ ಬಾಕ್ಸ್, ಏಸಿಗಳಿಗೆ ಐಆರ್ ರಿಮೋಟ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ. ಅದು ನಮ್ಮ ರಿಮೋಟಿನ ಸಂಕೇತವನ್ನೇ ಕಳಿಸುತ್ತದೆ. ಅದರ ಕಿರಣ ಗೋಡೆ ದಾಟದು, ಕೋಣೆಗೊಂದು ಬೇಕು. ಟೀವಿ ಹತ್ತಿದೆಯೋ ಆರಿದೆಯೋ ಅದಕ್ಕೆ ತಿಳಿಯದು. ರಿಮೋಟಿನಲ್ಲಿ ಆನ್‌ಗೂ ಆಫ್‌ಗೂ ಒಂದೇ ಗುಂಡಿ ಇದ್ದರೆ, ಹತ್ತಿದ ಟೀವಿಗೆ ‘ಚಾಲೂ’ ಎಂದಾಗ ಅದು ಆರುತ್ತದೆ. ಇದನ್ನು ಹಿರಿಯರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ತಮ್ಮಿಂದಲೇ ಏನೋ ಕೆಟ್ಟಿತೆಂದು ಹೆದರಿ ಮುಟ್ಟುವುದನ್ನೇ ಬಿಡುತ್ತಾರೆ.

ರಾತ್ರಿ ಬಚ್ಚಲಿಗೆ ಹೋಗುವ ದಾರಿಯ ದೀಪಕ್ಕೆ ಮಾತಿನ ಯಂತ್ರ ಬೇಡವೇ ಬೇಡ. ಮನೆಯವರನ್ನು ಎಬ್ಬಿಸಬಾರದೆಂದು ಹಿರಿಯರು ಬಾಯಿ ತೆರೆಯುವುದಿಲ್ಲ, ಕತ್ತಲಲ್ಲೇ ಗೋಡೆ ಹಿಡಿದು ಹೋಗುತ್ತಾರೆ. ಬೀಳುವುದು ಅಲ್ಲೇ. ಆ ಜಾಗಕ್ಕೆ ಓಡಾಟ ಕಂಡೊಡನೆ ಹತ್ತುವ ಮೋಶನ್ ಸೆನ್ಸರ್ ದೀಪ ಹಾಕಿ. ವೈಫೈ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ತುರ್ತು ಕರೆಗೂ ಸ್ಪೀಕರನ್ನು ನೆಚ್ಚಬೇಡಿ. ಕರೆಂಟು ಅಥವಾ ನೆಟ್ಟು ಹೋದರೆ ಅದು ಮೂಕ. ದೊಡ್ಡ ಗುಂಡಿಯ ಫೋನು ಹಾಸಿಗೆಯ ಪಕ್ಕ ಇರಲಿ, 112ಕ್ಕೆ ಹೇಗೆ ಕರೆ ಮಾಡುವುದೆಂದು ಒಮ್ಮೆ ಮಾಡಿ ತೋರಿಸಿ.

ಕೇಳುವ ಕಿವಿ ಯಾರದು?

ನಮ್ಮ ದನಿ ಕಂಪನಿಯಲ್ಲಿ ದಾಖಲಾಗುತ್ತದೆ ಎಂಬುದು ನೆನಪಿರಲಿ. ಮಕ್ಕಳ ದನಿಯ ದಾಖಲೆಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಆ್ಯಪ್‌ನಲ್ಲಿ ದಾಖಲೆಗಳನ್ನು ಅಳಿಸುವ ಆಯ್ಕೆ ಇದೆ. ಸ್ಪೀಕರಿನಲ್ಲಿ ಮೈಕ್ ಬಂದ್ ಮಾಡುವ ಗುಂಡಿಯೂ ಇರುತ್ತದೆ. ಮನೆಯ ಹಿರಿಯರಿಗೂ ಇದನ್ನು ಹೇಳುವುದು ನಮ್ಮ ಕರ್ತವ್ಯ. ನಾನು ಹೇಳಿದಾಗಿನಿಂದ ಅವ್ವ ಊರಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವ ಮುಂಚೆ ಆ ಗುಂಡಿ ಒತ್ತುತ್ತಾಳೆ.

ಇದಕ್ಕಿಂತ ನನ್ನನ್ನು ಕಾಡುವ ವಿಚಾರ ಇನ್ನೊಂದಿದೆ. ಮಗಳು ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ-ಹಿಂದಿ ಆಡುತ್ತಾಳೆ. ಕನ್ನಡ ಉಳಿದಿರುವುದು ಮನೆಯ ನಾಲ್ಕು ಗೋಡೆಯೊಳಗೆ, ಅದೂ ಬಹುಪಾಲು ಅಜ್ಜಿಯಿಂದ. ಈಗ ಆ ಗೋಡೆಯೊಳಗೇ ಕನ್ನಡ ತಿಳಿಯದ ಒಂದು ಕಿವಿ ಬಂದು ಕುಳಿತಿದೆ. ಮಗಳು ಅಜ್ಜಿಗೆ ಹೇಳಿಕೊಡುತ್ತಾಳೆ: ‘ಅಜ್ಜಿ, ಹಾಂಗಲ್ಲ, ಹಿಂದಿಯೊಳಗ ಹೇಳು, ಅಂದ್ರ ತಿಳೀತದ.’ ಎಪ್ಪತ್ತು ವರ್ಷ ಒಂದೇ ಭಾಷೆಯಲ್ಲಿ ಬದುಕಿದವಳು ಫ್ಯಾನಿನ ಗಾಳಿಗಾಗಿ ಅದನ್ನು ಬಿಡಬೇಕೇ?

ಕನ್ನಡ ಕಲಿಯುವುದು ಯಂತ್ರಕ್ಕೆ ಅಸಾಧ್ಯವೇನಲ್ಲ. ಗೂಗಲ್ 2017ರಲ್ಲೇ ಫೋನಿನ ದನಿ ಟೈಪಿಂಗಿಗೆ ಕನ್ನಡವನ್ನು ಸೇರಿಸಿದೆ. ನಾನು ಎಷ್ಟೋ ಸಂದೇಶ ಹಾಗೆಯೇ ಬರೆಯುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸುತ್ತಿದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯಲ್ಲಿ ‘ಭಾಷಾದಾನ’ ಎಂಬ ವಿಭಾಗವಿದೆ. ಅದರ ‘ಬೋಲೋ ಇಂಡಿಯಾ’ದಲ್ಲಿ ಕನ್ನಡ ಆರಿಸಿ, ಪರದೆಯ ಮೇಲೆ ಬರುವ ವಾಕ್ಯಗಳನ್ನು ಓದಿ ದನಿ ಕೊಡಬಹುದು. ‘ಸುನೋ ಇಂಡಿಯಾ’ದಲ್ಲಿ ಕೇಳಿದ್ದನ್ನು ಬರೆದುಕೊಡಬಹುದು. ಖರ್ಚಿಲ್ಲ, ಫೋನೊಂದು ಸಾಕು.

ಯಂತ್ರ ಕಲಿಯುವುದು ತಾನು ಕೇಳಿದ ದನಿಗಳಿಂದ. ಬೆಂಗಳೂರಿನ ಯುವಕರ ದನಿಯನ್ನಷ್ಟೇ ಕೇಳಿದರೆ ಗದಗಿನ ಮುದುಕಿಯ ಮಾತು ಅದಕ್ಕೆ ಮುಂದೆಯೂ ತಿಳಿಯದು. ಕಳೆದ ತಿಂಗಳಿಂದ ನಾನು, ಮಗಳು ಭಾನುವಾರ ಹದಿನೈದು ನಿಮಿಷ ಈ ಕೆಲಸ ಮಾಡುತ್ತಿದ್ದೇವೆ. ಅವ್ವನಿಗೆ ಪರದೆ ಓದಲಾಗದು. ಹಾಗಾಗಿ ಮಗಳು ವಾಕ್ಯವನ್ನು ಮೊದಲು ಅವಳಿಗೆ ಓದಿ ಹೇಳುತ್ತಾಳೆ, ಅವ್ವ ಅದನ್ನು ತನ್ನ ದನಿಯಲ್ಲಿ ಹೇಳುತ್ತಾಳೆ. ಮಗಳ ಕನ್ನಡ ಓದು ಸ್ವಲ್ಪ ಸುಧಾರಿಸಿದೆ.

ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರ ಯಾವ ಪದ ಈ ಯಂತ್ರಕ್ಕೆ ತಿಳಿಯಿತು, ಯಾವುದು ತಿಳಿಯಲಿಲ್ಲ ಎಂದು ಪತ್ರಿಕೆಗೆ ಬರೆದು ಕಳಿಸಿ. ಹೊಸದಾಗಿ ಸ್ಪೀಕರ್ ತಂದ ಇನ್ನೊಂದು ಕನ್ನಡದ ಮನೆಗೆ ಆ ಪಟ್ಟಿ ಕೂಡಲೇ ಉಪಯೋಗಕ್ಕೆ ಬರುತ್ತದೆ.